ಮೈನರ್ ದೇವರ ಮೇಜರ್ ಪೋಷಕರು

ಕಾನೂನಿನ ಕಣ್ಣಿಗೆ ದೇವರು ಅಪ್ರಾಪ್ತ ವಯಸ್ಕ. ನಗಬೇಡಿ, ಇದು ನಾನು ಕಟ್ಟಿದ ಕಥೆಯಲ್ಲ. ಪ್ರತಿಷ್ಠಾಪನೆಯಾದ ಮೂರ್ತಿ ಒಬ್ಬ ನ್ಯಾಯಿಕ ವ್ಯಕ್ತಿ. ಆಸ್ತಿ ಹೊಂದಬಹುದು, ದಾವೆ ಹೂಡಬಹುದು, ಬೇರೆಯವರು ಹೂಡಿದ ದಾವೆಯಲ್ಲಿ ಪ್ರತಿವಾದಿಯೂ ಆಗಬಹುದು. ಆದರೆ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಲಾರ, ಆದ್ದರಿಂದ ಮೈನರ್. ಬ್ರಿಟಿಷರ ಪ್ರಿವಿ ಕೌನ್ಸಿಲ್ ಕಾಲದಿಂದಲೂ ನ್ಯಾಯಾಲಯಗಳು ಒಪ್ಪಿಕೊಂಡು ಬಂದಿರುವ ಮಾತಿದು. ಅಯೋಧ್ಯೆಯ ಮೊಕದ್ದಮೆಯಲ್ಲಿ ರಾಮಲಲ್ಲಾ ಸ್ವತಃ ವಾದಿಯಾಗಿದ್ದ. ಅವನ ಪರವಾಗಿ ಕಾಗದಕ್ಕೆ ಸಹಿ ಹಾಕಲು ಒಬ್ಬ ಮಾನವ ‘ಮಿತ್ರ’ ಬೇಕಾದ. ಹದಿನಾಲ್ಕು ಲೋಕಗಳನ್ನು ಹೊಟ್ಟೆಯಲ್ಲಿಟ್ಟುಕೊಂಡವನಿಗೆ ಒಂದು ಪಾಸ್‌ಬುಕ್ ಇಟ್ಟುಕೊಳ್ಳುವ ಯೋಗ್ಯತೆ ಇಲ್ಲ. ಮಾರ್ಕಂಡೇಯನಿಗೆ ಎಂದೆಂದಿಗೂ ಹದಿನಾರು, ಸರಿ. ಅವನನ್ನು ಯಮನ ಪಾಶದಿಂದ ಬಿಡಿಸಿದ ಶಿವನಿಗೆ ಕೋರ್ಟಿನ ಲೆಕ್ಕದಲ್ಲಿ ಹದಿನೆಂಟು ತುಂಬುವುದೇ ಇಲ್ಲ.

ಮೈನರ್ ಅಂದಮೇಲೆ ಪೋಷಕರು ಬೇಕಲ್ಲ! ಕರ್ನಾಟಕದಲ್ಲಿ ಆ ಭಾರ ಹೊತ್ತಿರುವುದು ಮುಜರಾಯಿ ಇಲಾಖೆ. ಬೋರ್ಡಿನ ಮೇಲೆ ಈಗ ಧಾರ್ಮಿಕ ದತ್ತಿ ಎಂದೇನೋ ಉದ್ದದ ಹೆಸರಿದೆ, ಆದರೆ ಹಳ್ಳಿಯ ಅರ್ಚಕರಿಂದ ಹಿಡಿದು ಮಂತ್ರಿಗಳವರೆಗೆ ಎಲ್ಲರ ಬಾಯಲ್ಲೂ ಅದು ಮುಜರಾಯಿಯೇ. 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳು ಅದರ ಮಡಿಲಲ್ಲಿವೆ. ಇಷ್ಟೊಂದು ಮಕ್ಕಳಿರುವ ಮನೆಯಲ್ಲಿ ಹಿರಿಯರು ಏನು ಮಾಡುತ್ತಾರೋ ಅದನ್ನೇ ಇಲಾಖೆಯೂ ಮಾಡಿದೆ: ಯಾವ ಮಗ ಎಷ್ಟು ದುಡಿದು ತರುತ್ತಾನೆಂದು ನೋಡಿ ಪಂಕ್ತಿಯಲ್ಲಿ ಕೂರಿಸಿದೆ. 1997ರ ಕಾಯ್ದೆಯ ಪ್ರಕಾರ ವರ್ಷಕ್ಕೆ 25 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯ ತರುವ ದೇವರು ‘ಎ’ ದರ್ಜೆ. 5ರಿಂದ 25 ಲಕ್ಷದವರೆಗೆ ‘ಬಿ’. ಅದಕ್ಕೂ ಕೆಳಗಿನವರು ‘ಸಿ’. ‘ಎ’ ದರ್ಜೆಯವರು ಇನ್ನೂರು ಚಿಲ್ಲರೆ, ‘ಬಿ’ ದರ್ಜೆಯವರೂ ಹೆಚ್ಚುಕಡಿಮೆ ಅಷ್ಟೇ. ಮಿಕ್ಕ ದೇವಾನುದೇವತೆಗಳೆಲ್ಲ ‘ಸಿ’.

ನಂಜನಗೂಡಿನ ಶ್ರೀಕಂಠೇಶ್ವರ ‘ಎ’ ದರ್ಜೆ. ನಾಲ್ಕು ಹಳ್ಳಿ ಆಚೆ, ಹಂಚು ಸರಿದ ಗುಡಿಯಲ್ಲಿ ಕೂತಿರುವ ಈಶ್ವರ ‘ಸಿ’ ದರ್ಜೆ. ಶಿವನೊಬ್ಬನೇ, ದರ್ಜೆ ಬೇರೆ. ಅದ್ವೈತಕ್ಕೆ ಇಷ್ಟು ಖಡಕ್ಕಾದ ಉತ್ತರವನ್ನು ಆಚಾರ್ಯ ಮಧ್ವರೂ ಕೊಟ್ಟಿರಲಿಲ್ಲ. ತಾರತಮ್ಯವನ್ನು ಅವರು ತತ್ವವಾಗಿ ಹೇಳಿದರು. ಸರ್ಕಾರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿತು.

‘ಸಿ’ ದರ್ಜೆಯ ದೇವರ ಸಂಸಾರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಕಾಲಕ್ಕೆ ಈ ದೇವರಿಗೂ ಇನಾಮು ಜಮೀನಿತ್ತು. ಇನಾಮು ರದ್ದತಿ ಕಾನೂನುಗಳು ಬಂದವು, ಜಮೀನು ಉಳುವವರ ಪಾಲಾಯಿತು. ಆಗಬೇಕಾದ್ದೇ, ಬಲರಾಮನ ನಂತರ ಯಾವ ದೇವರೂ ನೇಗಿಲು ಮುಟ್ಟಿದ್ದನ್ನು ಕಂಡವರಿಲ್ಲ. ಕಳೆದುಕೊಂಡ ಜಮೀನಿಗೆ ಬದಲಾಗಿ ಸರ್ಕಾರ ಕೊಡುವ ಹಣಕ್ಕೆ ತಸ್ತೀಕ್ ಎಂದು ಹೆಸರು. 2025ರ ಬಜೆಟ್‌ನಲ್ಲಿ ಅದನ್ನು ವರ್ಷಕ್ಕೆ 60 ಸಾವಿರದಿಂದ 72 ಸಾವಿರ ರೂಪಾಯಿಗೆ ಏರಿಸುವ ಘೋಷಣೆ ಬಂದಾಗ ಮೇಜು ಕುಟ್ಟಿದವರು ಕುಟ್ಟಿದರು. ಭಾಗಾಕಾರ ಮಾಡಿ ನೋಡಿ: ದಿನಕ್ಕೆ 197 ರೂಪಾಯಿ. ದೀಪದ ಎಣ್ಣೆ, ಹೂವು, ಕರ್ಪೂರ, ನೈವೇದ್ಯದ ಅಕ್ಕಿ, ಎಲ್ಲ ಅದರಲ್ಲೇ ಆಗಬೇಕು. ಉಳಿದದ್ದರಲ್ಲಿ ಅರ್ಚಕರ ಮನೆ ನಡೆಯಬೇಕು. ಅದೇ ವರ್ಷ ಉದ್ಯೋಗ ಖಾತರಿಯಲ್ಲಿ ಕೆರೆಯ ಹೂಳೆತ್ತಿದವರಿಗೆ ದಿನಗೂಲಿ 370 ರೂಪಾಯಿ. ಹೂಳೆತ್ತುವವರಿಗೆ ಅದು ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಜಗದೊಡೆಯನನ್ನು ಬೆಳಗ್ಗೆ ಎಬ್ಬಿಸಿ, ಮೀಯಿಸಿ, ಉಣ್ಣಿಸಿ, ರಾತ್ರಿ ಬಾಗಿಲು ಹಾಕುವ ಕೆಲಸವನ್ನು ಸರ್ಕಾರ ಅರೆಕಾಲಿಕ ಕೂಲಿ ಎಂದು ಎಣಿಸಿದೆ, ಅಷ್ಟೇ.

ಇದನ್ನು ಸರಿಪಡಿಸಲು ದಾರಿ ಇಲ್ಲವೆಂದಲ್ಲ. ಉಳ್ಳ ದೇವರ ಹುಂಡಿಯಿಂದ ಒಂದಂಶ ತೆಗೆದು ಇಲ್ಲದ ದೇವರಿಗೆ ಹಂಚುವ ಸಾಮಾನ್ಯ ನಿಧಿ ಕಾಯ್ದೆಯಲ್ಲೇ ಇದೆ. ವರ್ಷಕ್ಕೆ 100 ಕೋಟಿ ರೂಪಾಯಿ ದಾಟುವ ಕುಕ್ಕೆ ಸುಬ್ರಹ್ಮಣ್ಯ ತನ್ನ ಅಣ್ಣತಮ್ಮಂದಿರಿಗೆ ಒಂದಿಷ್ಟು ಕೊಟ್ಟರೆ ನವಿಲಿಗೇನೂ ಉಪವಾಸ ಬೀಳುವುದಿಲ್ಲ. 2024ರಲ್ಲಿ ಕಾಂಗ್ರೆಸ್ ಸರ್ಕಾರ ಈ ಪಾಲನ್ನು ಬದಲಿಸುವ ತಿದ್ದುಪಡಿ ತಂದಿತು: 10 ಲಕ್ಷದಿಂದ 1 ಕೋಟಿ ಆದಾಯದವರೆಗೆ ಶೇ 5, ಕೋಟಿ ಮೀರಿದರೆ ಶೇ 10. ವಿಧಾನಸಭೆಯಲ್ಲಿ ಗೆದ್ದ ಮಸೂದೆ ವಿಧಾನ ಪರಿಷತ್ತಿನಲ್ಲಿ ಬಿತ್ತು. ಎದ್ದು ಮತ್ತೆ ವಿಧಾನಸಭೆಗೆ ಬಂದು ಪಾಸಾಗಿ ರಾಜಭವನಕ್ಕೆ ಹೋಯಿತು. ರಾಜಭವನ ವಿವರಣೆ ಕೇಳಿ ಹಿಂದಕ್ಕೆ ಕಳಿಸಿತು. ಹಿಂದೂ ದೇವರ ಹಣ ಅನ್ಯರ ಪಾಲಾಗುತ್ತದೆ ಎಂದು ಬಿಜೆಪಿಯವರು ಗಂಟಲು ಹರಿದುಕೊಂಡರು. ನಿಧಿಯ ಹಣ ಹಿಂದೂ ಧರ್ಮಕ್ಕೆ ಸಂಬಂಧಿಸಿದ ಕೆಲಸಗಳಿಗಲ್ಲದೆ ಬೇರೆಡೆಗೆ ಹೋಗುವಂತಿಲ್ಲ ಎನ್ನುವುದು ಅವರಿಗೂ ಗೊತ್ತು. ದೊಡ್ಡ ದೇವಸ್ಥಾನಗಳಿಂದ ಶೇ 10 ಪಡೆಯುವ ಪದ್ಧತಿ ಅವರದೇ ಸರ್ಕಾರವಿದ್ದಾಗ, 2011ರ ತಿದ್ದುಪಡಿಯಲ್ಲಿ ಇತ್ತೆನ್ನುವುದೂ ಗೊತ್ತು. ಅತ್ತ ಕಾಂಗ್ರೆಸ್ಸಿನವರಿಗೆ ಬಡ ಅರ್ಚಕರ ನೆನಪು ಅಷ್ಟು ಗಾಢವಾಗಿದ್ದರೆ ದೇವರ ಜೇಬಿಗೆ ಕೈ ಹಾಕುವ ಮೊದಲು ಬಜೆಟ್ಟಿಗೇ ಕೈ ಹಾಕಬಹುದಿತ್ತು. ಜಗಳ ಹುಂಡಿಯದ್ದು, ಹಸಿದವನು ಮಾತ್ರ ಎರಡೂ ಕಡೆಯ ಭಾಷಣದಲ್ಲಿದ್ದ.

ಪೋಷಕರ ಇನ್ನೊಂದು ಕರ್ತವ್ಯ ಬುದ್ಧಿ ಹೇಳುವುದು. ಅದರಲ್ಲಿ ಇಲಾಖೆಗೆ ಸಾಟಿಯಿಲ್ಲ. 2019ರಲ್ಲಿ ಮಳೆ ಕೈಕೊಟ್ಟಾಗ, ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ, ಹೋಮ ಮಾಡಿಸಬೇಕೆಂದು ಸುತ್ತೋಲೆ ಹೊರಟಿತು. ಸೂಕ್ತ ಕ್ರಮಕ್ಕಾಗಿ ಅದರ ಪ್ರತಿಯನ್ನು ವರುಣನಿಗೆ ಕಳಿಸಿದ್ದರೋ ಇಲ್ಲವೋ. 2021ರ ದೀಪಾವಳಿಗೆ ದೇವಸ್ಥಾನಗಳಲ್ಲಿ ಗೋಪೂಜೆ ಆಗಬೇಕೆಂದು ಇನ್ನೊಂದು ಆದೇಶ. 2023ರಲ್ಲಿ ಗುಡಿಯೊಳಗೆ ಮೊಬೈಲ್ ಬಳಸಬಾರದೆಂದು ಮತ್ತೊಂದು. 2024ರಲ್ಲಿ ತಿರುಪತಿ ಲಡ್ಡುವಿನ ತುಪ್ಪದ ಗಲಾಟೆ ಎದ್ದದ್ದೇ ತಡ, ದೀಪಕ್ಕೂ ಪ್ರಸಾದಕ್ಕೂ ನಂದಿನಿ ತುಪ್ಪವನ್ನೇ ಬಳಸತಕ್ಕದ್ದು ಎಂದು ಇನ್ನೂ ಒಂದು. ಇವು ಮೂರು ಬೇರೆ ಬೇರೆ ಸರ್ಕಾರಗಳ ಕಾಲದ ಆದೇಶಗಳು. ಒಂದು ಜಾತ್ಯತೀತ ಎಂದು ಹೇಳಿಕೊಂಡದ್ದು, ಇನ್ನೊಂದು ಧರ್ಮರಕ್ಷಕ ಎಂದು ಎದೆ ತಟ್ಟಿಕೊಂಡದ್ದು, ಮತ್ತೊಂದು ಸರ್ವಜನಾಂಗದ್ದು. ದೇವಸ್ಥಾನದ ಹೊಸ್ತಿಲು ದಾಟಿದ ಕೂಡಲೇ ಮೂರಕ್ಕೂ ಒಂದೇ ಮಡಿಪಂಚೆ. ಸರ್ಕಾರ ಬದಲಾದಾಗ ಗರ್ಭಗುಡಿಯ ದೇವರು ಬದಲಾಗುವುದಿಲ್ಲ, ನಿಜ. ವ್ಯವಸ್ಥಾಪನಾ ಸಮಿತಿ ಬದಲಾಗುತ್ತದೆ. ಚುನಾವಣೆಯಲ್ಲಿ ಬ್ಯಾನರ್ ಕಟ್ಟಿದವರ ಭಕ್ತಿಗೆ ಪೀಠ ಎಲ್ಲಾದರೂ ಸಿಗಲೇಬೇಕಲ್ಲ.

ಹಳೆಯ ದೇವಾಲಯಗಳ ಪಾಡು ಇನ್ನೂ ಸೊಗಸು. ಬೇಲೂರಿನ ಚೆನ್ನಕೇಶವನಿಗೆ ಪೂಜೆ ಮುಜರಾಯಿಯದ್ದು, ಗೋಡೆಯ ಮದನಿಕೆಯರು ಪುರಾತತ್ವ ಇಲಾಖೆಯವರು. ಹಂಪಿಯಲ್ಲಿ ವಿರೂಪಾಕ್ಷ ಇನ್ನೂ ಸೇವೆಯಲ್ಲಿದ್ದಾನೆ. ವಿಜಯವಿಠ್ಠಲ ಮಾತ್ರ ನಿವೃತ್ತ. ಅಲ್ಲಿ ದೇವರಿಲ್ಲ, ಟಿಕೆಟ್ ಇದೆ.

ಹಾಗೆಂದು ಕಾನೂನು ಗುಡಿಯೊಳಗೆ ಕಾಲಿಟ್ಟಾಗಲೆಲ್ಲ ಎಡವಿದೆ ಎಂದರೆ ಅನ್ಯಾಯವಾದೀತು. ದೇಶದ ಧಾರ್ಮಿಕ ಸ್ವಾತಂತ್ರ್ಯದ ಪಾಠ ಬರೆದವರಲ್ಲಿ ನಮ್ಮ ಕರಾವಳಿಯವರೇ ಮೊದಲಿಗರು. ಉಡುಪಿ ಇನ್ನೂ ಮದ್ರಾಸು ರಾಜ್ಯದಲ್ಲಿದ್ದಾಗ, ಪರ್ಯಾಯದ ಖರ್ಚಿನಿಂದ ಸಾಲಕ್ಕೆ ಬಿದ್ದಿದ್ದ ಶಿರೂರು ಮಠದ ಆಡಳಿತಕ್ಕೆ ಸರ್ಕಾರ ಕೈ ಹಾಕಿತು. ಸ್ವಾಮಿಗಳು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟ್, ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಆ ಧರ್ಮದ ತತ್ವಗಳಿಂದಲೇ ತಿಳಿಯಬೇಕೆಂದು ಹೇಳಿತು. ಮಠಗಳಿಂದ ಸರ್ಕಾರ ಕೇಳುತ್ತಿದ್ದ ವಂತಿಗೆ ಶುಲ್ಕವಲ್ಲ, ತೆರಿಗೆ ಎಂದು ಹೊಡೆದುಹಾಕಿತು. ಬಹಳ ಒಳ್ಳೆಯ ಮಾತು. ಆಮೇಲೆ ಆ ತತ್ವಗಳನ್ನು ಓದಿ ಅರ್ಥ ಹೇಳುವ ಕೆಲಸವನ್ನು ಕೋರ್ಟುಗಳೇ ವಹಿಸಿಕೊಂಡದ್ದರಿಂದ, ವಕೀಲರು ಸ್ಮೃತಿ, ಹದೀಸು, ಆಗಮಗಳನ್ನು ಫೈಲಿಗೆ ಪಿನ್ ಹೊಡೆದು ತರುವ ಹೊಸ ವೇದಾಧ್ಯಯನ ಶುರುವಾಯಿತು. ಮಠಾಧಿಪತಿಗಳಿಗೆ ಪೀಠ ಒಂದು, ನ್ಯಾಯಮೂರ್ತಿಗಳಿಗೆ ಪೀಠ ಇನ್ನೊಂದು. ಪ್ರವಚನ ಎರಡೂ ಕಡೆ ನಡೆಯುತ್ತದೆ.

ಅದೇ ಐವತ್ತರ ದಶಕದಲ್ಲಿ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣವೂ ಬಂತು. ಇದು ನಮ್ಮ ಸಮುದಾಯದ ಗುಡಿ, ಯಾರನ್ನು ಬಿಡಬೇಕು ಬಿಡಬಾರದು ಎನ್ನುವುದು ನಮಗೆ ಬಿಟ್ಟದ್ದು ಎಂದು ಗೌಡ ಸಾರಸ್ವತರು ವಾದಿಸಿದರು. ಸಮುದಾಯದ ಹಕ್ಕು ಇದೆ, ಆದರೆ ಗುಡಿಯ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಬೇಕೆನ್ನುವ ಕಾನೂನು ಅದಕ್ಕಿಂತ ಮೇಲು ಎಂದಿತು ಸುಪ್ರೀಂ ಕೋರ್ಟ್. ಕೆಲವು ಸೇವೆಗಳ ಹೊತ್ತಿಗೆ ಮಾತ್ರ ಸಮುದಾಯದವರಷ್ಟೇ ಇರಬಹುದು ಎಂದು ಚಿಕ್ಕದೊಂದು ಸಮಾಧಾನವನ್ನೂ ಕೊಟ್ಟಿತು. ನನ್ನ ಪಾಲಿಗೆ ಈ ದೇಶದ ಕಾನೂನು ದೇವರ ಮನೆಯೊಳಗೆ ಮಾಡಿದ ಅತಿ ದೊಡ್ಡ ಕೆಲಸ ಇದೇ. ಹುಂಡಿಗೂ ತುಪ್ಪಕ್ಕೂ ಸಂಬಂಧವಿಲ್ಲದ ಕೆಲಸವಾದ್ದರಿಂದ ಅದರ ಮೇಲೆ ಯಾರೂ ಸುತ್ತೋಲೆ ಹೊರಡಿಸುವುದಿಲ್ಲ.

ಇನ್ನು ಶಬ್ದ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂದು 2000ದ ಕೇಂದ್ರ ನಿಯಮ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. 45 ಡೆಸಿಬಲ್ ಎಂದರೆ ಸುಪ್ರಭಾತವಂತೂ ಅಲ್ಲ, ಅಜಾನ್ ಅಲ್ಲ, ಗಣೇಶೋತ್ಸವದ ಆರ್ಕೆಸ್ಟ್ರಾ ಅಂತೂ ಕನಸಿನ ಮಾತು. ಇಪ್ಪತ್ತೆರಡು ವರ್ಷ ಯಾರ ಕಿವಿಗೂ ಬೀಳದಿದ್ದ ಈ ನಿಯಮ 2022ರಲ್ಲಿ ಒಂದು ಧರ್ಮದ ಮೈಕಿನ ಮೇಲೆ ಗಲಾಟೆ ಎದ್ದಾಗ ಇದ್ದಕ್ಕಿದ್ದಂತೆ ನೆನಪಾಯಿತು, ಎಲ್ಲರಿಗೂ ಲೈಸೆನ್ಸ್ ತಗೊಳ್ಳಿ ಎಂಬ ಸುತ್ತೋಲೆಯೂ ಬಂತು. ಪಕ್ಕದ ಮನೆಯ ಮೈಕು ಕಾನೂನುಬಾಹಿರ, ನಮ್ಮದು ಸಂಪ್ರದಾಯ. ಈ ಒಂದು ವಿಷಯದಲ್ಲಿ ನಮ್ಮಲ್ಲಿ ಸರ್ವಧರ್ಮ ಸಮನ್ವಯ ಸಾಧಿಸಿಯಾಗಿದೆ.

ಈಗ ಮುಖ್ಯ ಮಾತಿಗೆ ಬರೋಣ: ದಿನಾಂಕ. ದೇವರಿಗೆ ಆದಿಯೂ ಇಲ್ಲ ಅಂತ್ಯವೂ ಇಲ್ಲ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಕಾನೂನು ಓದದ ಕಾರಣಕ್ಕೆ. ಓದಿದವರ ಪ್ರಕಾರ ದೇವರು ತನ್ನ ಮನೆಯ ಮಟ್ಟಿಗೆ ಕೆಲವು ತಾರೀಕುಗಳನ್ನು ಬಾಯಿಪಾಠ ಮಾಡಿಕೊಂಡಿರಬೇಕು.

ಒಂದು, 15 ಆಗಸ್ಟ್ 1947. ಅಂದು ಯಾವ ಆರಾಧನಾ ಸ್ಥಳ ಯಾವ ಧರ್ಮದ್ದಾಗಿತ್ತೋ ಅದು ಹಾಗೇ ಇರತಕ್ಕದ್ದು ಎಂದು 1991ರ ಪೂಜಾ ಸ್ಥಳಗಳ ಕಾಯ್ದೆ. ಹೆಸರು ಹಿಡಿದು ವಿನಾಯಿತಿ ಕೊಟ್ಟದ್ದು ಅಯೋಧ್ಯೆಗೆ ಮಾತ್ರ. ಕಾಯ್ದೆ ಬಂದ ಮರುವರ್ಷವೇ ಆ ವಿನಾಯಿತಿಯ ಮಸೀದಿಗೆ ಏನಾಯಿತೆಂದು ಹೇಳಬೇಕಾಗಿಲ್ಲ. ಉಳಿದವು? ಸ್ವರೂಪ ಬದಲಾಯಿಸುವಂತಿಲ್ಲ, ಸರಿ, ಸ್ವರೂಪ ಏನಿತ್ತೆಂದು ಕೇಳಬಾರದೆಂದು ಎಲ್ಲಿದೆ ಎಂಬ ತರ್ಕ ಹುಟ್ಟಿತು. ಕೇಳುವುದಕ್ಕೆ ಸರ್ವೆ ಬೇಕು, ಸರ್ವೆಗೆ ಪೊಲೀಸ್ ಬಂದೋಬಸ್ತ್ ಬೇಕು, ಬಂದೋಬಸ್ತ್ ಇದ್ದಲ್ಲಿ ಟೀವಿ ಕ್ಯಾಮೆರಾ ಇದ್ದೇ ಇರುತ್ತದೆ. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಇಂಥ ಹೊಸ ದಾವೆ ನೋಂದಾಯಿಸಬೇಡಿ, ಸರ್ವೆ ಆದೇಶ ಕೊಡಬೇಡಿ ಎಂದು ಸುಪ್ರೀಂ ಕೋರ್ಟೇ ಕೆಳಗಿನವರಿಗೆ ಹೇಳಬೇಕಾಯಿತು. ಬೀಗ ಹಾಕಲೆಂದೇ ತಂದ ಕಾನೂನಿಗೆ ಮೂವತ್ತಮೂರು ವರ್ಷದ ಮೇಲೆ ಇನ್ನೊಂದು ಬೀಗ.

ವಕ್ಫ್ ಆಸ್ತಿಗೆ ತಾರೀಕು ಇನ್ನೂ ಹೊಸದು. 2025ರ ತಿದ್ದುಪಡಿಯ ನಂತರ ಎಲ್ಲ ವಿವರವನ್ನೂ ಆರು ತಿಂಗಳೊಳಗೆ ಪೋರ್ಟಲ್‌ಗೆ ಏರಿಸಬೇಕೆಂದಾಯಿತು. ನಾಲ್ಕುನೂರು ವರ್ಷದ ದರ್ಗಾ, ಆರು ತಿಂಗಳ ಗಡುವು. ಸರ್ವರ್ ಡೌನ್ ಆದರೆ ಯಾವ ಪೀರರಿಗೆ ಹರಕೆ ಹೊರಬೇಕೋ ಸುತ್ತೋಲೆಯಲ್ಲಿ ತಿಳಿಸಿಲ್ಲ.

ಇನ್ನೊಂದು ತಾರೀಕು 29 ಸೆಪ್ಟೆಂಬರ್ 2009. ರಸ್ತೆ, ಉದ್ಯಾನ, ಸಾರ್ವಜನಿಕ ಜಾಗಗಳಲ್ಲಿ ಇನ್ನು ಮುಂದೆ ಗುಡಿ, ಮಸೀದಿ, ಚರ್ಚು, ಗುರುದ್ವಾರ ಯಾವುದನ್ನೂ ಅನಧಿಕೃತವಾಗಿ ಕಟ್ಟಗೊಡಬೇಡಿ. ಈಗಾಗಲೇ ಇರುವುದನ್ನು ಒಂದೊಂದಾಗಿ ಪರಿಶೀಲಿಸಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿದ ದಿನ. ಆ ಲೆಕ್ಕದಲ್ಲಿ ಕರ್ನಾಟಕ 6,395 ಕಟ್ಟಡಗಳ ಪಟ್ಟಿ ಮಾಡಿತು. ಪಟ್ಟಿ ಮಾಡುವುದರಲ್ಲಿ ನಮ್ಮ ಅಧಿಕಾರಿಗಳು ಹಿಂದೆ ಬಿದ್ದವರಲ್ಲ. ಆದರೆ ಫುಟ್‌ಪಾತಿನ ಆಂಜನೇಯನಿಗೆ ಗಡಾರಿ ಹಿಡಿಯುವ ಇಂಜಿನಿಯರ್ ಇನ್ನೂ ಹುಟ್ಟಿಲ್ಲ. ಅವನು ಸ್ಥಳ ಪರಿಶೀಲನೆಗೆ ಬರುತ್ತಾನೆ, ಚಪ್ಪಲಿ ಬಿಟ್ಟು ನಿಲ್ಲುತ್ತಾನೆ.

‘ಏನ್ ಅಧ್ಯಕ್ಷರೇ, ಪಾದಚಾರಿಗಳಿಗೆ ಜಾಗಾನೇ ಇಲ್ವಲ್ಲ?’

‘ಸಾರ್, ಪ್ರದಕ್ಷಿಣೆಗೇ ಜಾಗ ಸಾಲ್ತಿಲ್ಲ. ಮೊದಲು ತೀರ್ಥ ತಗೊಳ್ಳಿ.’

ತೀರ್ಥ ತಗೊಂಡ ಕೈಯಲ್ಲಿ ನೋಟಿಸ್ ಬರೆಯಲು ಆಗುತ್ತದೆಯೇ? ಹೀಗೆ ಹನ್ನೆರಡು ವರ್ಷ ಕಳೆದವು. 2021ರಲ್ಲಿ ಕೋರ್ಟಿನ ಕೋಪ ಜೋರಾದಾಗ ಮುಖ್ಯ ಕಾರ್ಯದರ್ಶಿಗಳ ಕಚೇರಿಯಿಂದ ಪತ್ರ ಹೊರಟಿತು: ತಾಲ್ಲೂಕಿಗೆ ವಾರಕ್ಕೊಂದಾದರೂ ಅನಧಿಕೃತ ಧಾರ್ಮಿಕ ಕಟ್ಟಡ ತೆರವಾಗಬೇಕು. ಕುಟುಂಬ ಯೋಜನೆಗೆ ಗುರಿ ಇದ್ದದ್ದು ಗೊತ್ತು, ತೆರಿಗೆ ವಸೂಲಿಗೆ ಗುರಿ ಇರುವುದು ಗೊತ್ತು. ದೇವರನ್ನು ಎಬ್ಬಿಸುವುದಕ್ಕೂ ವಾರದ ಗುರಿ ನಿಗದಿಯಾದದ್ದು ಇದೇ ಮೊದಲು. ಗುರಿ ಮುಟ್ಟುವ ಉತ್ಸಾಹದಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ಮಹದೇವಮ್ಮನ ಗುಡಿ ಉರುಳಿತು. ಅದು ಸೆಪ್ಟೆಂಬರ್. ವಿಡಿಯೋ ಊರೂರು ಸುತ್ತಿತು. ಸಿದ್ದರಾಮಯ್ಯನವರು ಖಂಡಿಸಿದರು, ಮೈಸೂರಿನ ಬಿಜೆಪಿ ಸಂಸದರೂ ಖಂಡಿಸಿದರು. ಕೆಡವಿದ ಸರ್ಕಾರ ಬಿಜೆಪಿಯದ್ದೇ. ಕಾವೇರಿ ನೀರಿಗೂ ಒಂದಾಗದವರು ಜೆಸಿಬಿಯ ಎದುರು ಒಂದಾದರು.

ಆ ತಿಂಗಳು ಮುಗಿಯುವ ಮೊದಲೇ ಸದನದಲ್ಲಿ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆ ಪಾಸಾಯಿತು. ಹನ್ನೆರಡು ವರ್ಷದಲ್ಲಿ ಪೂರ್ತಿ ಜಾರಿಯಾಗದ ಆದೇಶವನ್ನು ಹನ್ನೆರಡು ದಿನದ ಆತುರ ಮಕಾಡೆ ಮಲಗಿಸಿತು. ಯಾವ ಕಾನೂನು ಏನೇ ಹೇಳಲಿ, ಯಾವ ಕೋರ್ಟಿನ ತೀರ್ಪು ಏನೇ ಇರಲಿ, ಈ ಕಾಯ್ದೆ ಜಾರಿಯಾದ ದಿನ ಇರುವ ಧಾರ್ಮಿಕ ಕಟ್ಟಡಗಳನ್ನು ಸರ್ಕಾರ ಕಾಪಾಡುತ್ತದೆ. ಧಾರ್ಮಿಕ ಕಟ್ಟಡ ಎಂದರೆ ಯಾವುದು? ಅದಕ್ಕೆ ಕಾಯ್ದೆ ಕೊಟ್ಟ ವ್ಯಾಖ್ಯೆ ಚಿನ್ನದ ತಗಡಿನಲ್ಲಿ ಕೆತ್ತಿಸುವಂಥದ್ದು: ಸಾರ್ವಜನಿಕ ಸ್ಥಳದಲ್ಲಿ, ಕಾನೂನಿನ ಅಧಿಕಾರವಿಲ್ಲದೆ ಕಟ್ಟಿದ ದೇವಸ್ಥಾನ, ಚರ್ಚು, ಮಸೀದಿ, ಗುರುದ್ವಾರ, ಬೌದ್ಧವಿಹಾರ, ಮಜಾರ್ ಇತ್ಯಾದಿ. ಅಂದರೆ ಕಾನೂನಿನ ರಕ್ಷಣೆ ಬೇಕಿದ್ದರೆ ಮೊದಲ ಅರ್ಹತೆಯೇ ಕಾನೂನು ಮುರಿದಿರುವುದು.

ಇದರ ಸೊಗಸು ತಿಳಿಯಬೇಕಾದರೆ ನೇರ ದಾರಿಯಲ್ಲಿ ಹೊರಟವರನ್ನು ನೆನೆಯಿರಿ. ಸಮುದಾಯದವರು ಚಂದಾ ಎತ್ತಿ ಸ್ವಂತ ಸೈಟು ಕೊಳ್ಳುತ್ತಾರೆ, ಚರ್ಚೋ ಮಸೀದಿಯೋ ಮಂದಿರವೋ ಕಟ್ಟಲು ನಕ್ಷೆ ಹಿಡಿದು ಕಚೇರಿಗೆ ಹೋಗುತ್ತಾರೆ. ಭೂಬಳಕೆ ಯಾವುದು, ಪಾರ್ಕಿಂಗ್ ಎಲ್ಲಿ, ಸೆಟ್‌ಬ್ಯಾಕ್ ಎಷ್ಟು, ಅಕ್ಕಪಕ್ಕದವರ ಆಕ್ಷೇಪಣೆ ಏನು, ಶಾಂತಿಭಂಗದ ಬಗ್ಗೆ ಪೊಲೀಸರು ಏನನ್ನುತ್ತಾರೆ ಎಂದು ಫೈಲು ಮೇಜಿನಿಂದ ಮೇಜಿಗೆ ತೀರ್ಥಯಾತ್ರೆ ಹೊರಡುತ್ತದೆ. ಬೇಸತ್ತು ಅವರು ಮಂಜೂರಾತಿ ಬರುವ ಮುನ್ನ ಸ್ವಂತ ಸೈಟಿನಲ್ಲೇ ಗೋಡೆ ಎಬ್ಬಿಸಿದರೆನ್ನಿ, ಈ ಕಾಯ್ದೆಯ ಅಕ್ಷರ ಅವರಿಗೆ ಒದಗುವುದಿಲ್ಲ. ಯಾಕೆಂದರೆ ಅವರು ಕಟ್ಟಿದ್ದು ತಮ್ಮ ಜಾಗದಲ್ಲಿ, ಸಾರ್ವಜನಿಕರ ಜಾಗದಲ್ಲಲ್ಲ! ಅದೇ ಗೋಡೆಯನ್ನು ಎದುರಿನ ಪಾರ್ಕಿನಲ್ಲಿ ಎಬ್ಬಿಸಿದ್ದರೆ ಸರ್ಕಾರವೇ ಕಾವಲು ನಿಲ್ಲುತ್ತಿತ್ತು. ಇನ್ನು ಮುಂದೆ ಸಾರ್ವಜನಿಕ ಸ್ಥಳದಲ್ಲಿ ಕಟ್ಟಬಾರದೆಂದು 2021ರ ಕಾಯ್ದೆಯೂ ಹೇಳುತ್ತದೆ, ಹೇಳದೆ ಏನು. 2009ರ ಆದೇಶ ಹೇಳಿದ್ದೂ ಅದನ್ನೇ.

ಅದೇ ಸೆಪ್ಟೆಂಬರ್ 2021ರಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಹುಟ್ಟುಹಬ್ಬದ ದಿನ ಕೈಮುಗಿಸಲೆಂದು ಅಪ್ಪ ಮಗುವನ್ನು ಹನುಮಪ್ಪನ ಗುಡಿಯ ಮುಂದೆ ಕರೆದೊಯ್ದಿದ್ದ. ದಲಿತರ ಮಗು, ಎರಡು ವರ್ಷದ್ದು, ಓಡಿ ಒಳಗೆ ಹೋಗಿಬಿಟ್ಟಿತು. ಊರಿನ ಮೇಲ್ಜಾತಿಯ ಕೆಲವರು ಸಭೆ ಸೇರಿ, ಗುಡಿ ಮೈಲಿಗೆಯಾಯಿತು, ಶುದ್ಧಿಯ ಖರ್ಚು ಕೊಡು ಎಂದು ಆ ಕುಟುಂಬಕ್ಕೆ ಸಾವಿರಾರು ರೂಪಾಯಿ ದಂಡ ಹೇರಿದರು. ಸುದ್ದಿಯಾದ ಮೇಲೆ ಪೊಲೀಸರು ಕೆಲವರನ್ನು ಬಂಧಿಸಿದರು. ಅಸ್ಪೃಶ್ಯತೆಯ ಹೆಸರಿನಲ್ಲಿ ಗುಡಿಯೊಳಗೆ ಬಿಡದಿರುವುದು ಶಿಕ್ಷಾರ್ಹ ಅಪರಾಧ ಎಂಬ ಕಾನೂನು 1955ರಿಂದ ಇದೆ. ಸದನ ಆ ತಿಂಗಳು ರಕ್ಷಣೆಗೆ ಧಾವಿಸಿದ್ದು ಕಟ್ಟಡಗಳಿಗೆ.

ಮುಂದಿನ ಸಲ ನಿಮ್ಮ ಶಾಸಕರು ಜೀರ್ಣೋದ್ಧಾರದ ಅನುದಾನ ಹಿಡಿದು ಊರಿಗೆ ಬಂದಾಗ, ಗುದ್ದಲಿ ಪೂಜೆಯ ಫೋಟೊ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿ: ಕಟ್ಟಿದ ಮೇಲೆ ಊರಿನವರೆಲ್ಲ ಒಳಗೆ ಹೋಗಬಹುದೇ? ಮೈಕ್ ಆನ್ ಇರುವಾಗಲೇ ಕೇಳಿ.